ಕ್ಯಾರಲ್ ಡ್ಯಾನ್ವರ್ಸ್ ಕಾಮಿಕ್ಸ್ ಸಂಗ್ರಹ: ಯಾವ ಸಂಚಿಕೆಗೆ, ಯಾರ ಹೆಸರಿಗೆ ದುಡ್ಡು?

ಕ್ಯಾಪ್ಟನ್ ಮಾರ್ವೆಲ್ ಎಂದು ಈಗ ಎಲ್ಲರೂ ಗುರುತಿಸುವ ಕ್ಯಾರಲ್ ಡ್ಯಾನ್ವರ್ಸ್‌ಳ ಹಳೆಯ ಸಂಚಿಕೆಗಳನ್ನು ಕೂಡಿಸಲು ಹೊರಟವರಿಗೆ ಒಂದು ವಿಚಿತ್ರ ಬೇಗ ಕಣ್ಣಿಗೆ ಬೀಳುತ್ತದೆ. ದುಬಾರಿ ಸಂಚಿಕೆಗಳಲ್ಲಿ ಹಲವು ದುಬಾರಿಯಾಗಿರುವುದು ಅವಳ ದೆಸೆಯಿಂದಲ್ಲ. ಒಂದರಲ್ಲಿ ಎಕ್ಸ್-ಮೆನ್ ಕಥೆಗಳ ಮಿಸ್ಟೀಕ್ ಮೊದಲ ಸಲ ಕಾಣಿಸಿಕೊಂಡಳು, ಇನ್ನೊಂದರಲ್ಲಿ ಅದೇ ಕಥೆಗಳ ರೋಗ್ ಬಂದಳು, ಮತ್ತೊಂದರಲ್ಲಿ ಮುಂದೆ ‘ಮಿಜ್ ಮಾರ್ವೆಲ್’ ಎನಿಸಿಕೊಂಡ ಕಮಲಾ ಖಾನ್ ಇಣುಕಿ ಹೋದಳು. ಮದುವೆ ಇವಳದು, ಮೆರವಣಿಗೆ ಬೇರೆಯವರದು.

2019ರ ಸಿನಿಮಾ ನೋಡಿ ಆಸಕ್ತಿ ಹುಟ್ಟಿದವರು, ಅಮೆರಿಕದಲ್ಲಿದ್ದು ಊರಿನ ಕಾಮಿಕ್ಸ್ ಅಂಗಡಿಗೆ ಹೋಗಿಬರುವ ಕನ್ನಡಿಗರು, ಬೆಂಗಳೂರಿನ ಕಾಮಿಕ್ ಕಾನ್‌ನಲ್ಲಿ ಪೆಟ್ಟಿಗೆ ತಡಕುವವರು, ಎಲ್ಲರಿಗೂ ಇದು ಉಪಯೋಗಕ್ಕೆ ಬರಬಹುದು. ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ. ಇವತ್ತು ಕೊಂಡು ನಾಳೆ ಮಾರುವವರ ಲೆಕ್ಕಾಚಾರ ಇಲ್ಲಿ ಸಿಗುವುದಿಲ್ಲ. ಕೊಂಡದ್ದನ್ನು ಓದಿ, ಜೋಪಾನವಾಗಿಟ್ಟು, ಆಗಾಗ ತೆಗೆದು ನೋಡುವವರಿಗೆಂದು ಬರೆಯುತ್ತಿದ್ದೇನೆ.

ಹಂತ 1: ಹೆಸರಿನ ಗೋಜಲನ್ನು ಬಿಡಿಸಿಕೊಳ್ಳಿ

ಹರಾಜು ತಾಣದಲ್ಲಿ ‘ಕ್ಯಾಪ್ಟನ್ ಮಾರ್ವೆಲ್’ ಎಂದು ಹುಡುಕಿದರೆ ಕನಿಷ್ಠ ನಾಲ್ವರು ಬೇರೆಬೇರೆ ನಾಯಕ ನಾಯಕಿಯರು ಒಟ್ಟಿಗೆ ಬಂದು ನಿಲ್ಲುತ್ತಾರೆ. ಮೊದಲನೆಯವನು 1940ರಲ್ಲಿ ಫಾಸೆಟ್ ಪ್ರಕಾಶನ ಹೊರತಂದವನು. ‘ಶಜಾಮ್’ ಎಂದು ಕೂಗಿದರೆ ಹುಡುಗನೊಬ್ಬ ಮಹಾಬಲನಾಗುವ ಕಥೆ ಅವನದು. ಆ ಕಾಲದಲ್ಲಿ ಅವನ ಮಾರಾಟ ಸೂಪರ್‌ಮ್ಯಾನ್‌ಗೇ ಸವಾಲಾಗಿತ್ತು. ತಮ್ಮ ನಾಯಕನನ್ನು ನಕಲು ಮಾಡಿದ್ದಾರೆಂದು ಸೂಪರ್‌ಮ್ಯಾನ್‌ನ ಒಡೆಯರು ಮೊಕದ್ದಮೆ ಹೂಡಿದರು. ವರ್ಷಗಟ್ಟಲೆ ಎಳೆದಾಡಿದ ಮೇಲೆ 1953ರಲ್ಲಿ ಫಾಸೆಟ್ ಕೈಚೆಲ್ಲಿತು. ಹೆಸರು ಬಿದ್ದುಕೊಂಡಿತ್ತು. ಅದನ್ನು ಮಾರ್ವೆಲ್ ಕಂಪನಿ ಎತ್ತಿಕೊಂಡು, 1967ರ ಡಿಸೆಂಬರ್ ತಾರೀಖಿನ ‘ಮಾರ್ವೆಲ್ ಸೂಪರ್-ಹೀರೋಸ್’ 12ನೆಯ ಸಂಚಿಕೆಯಲ್ಲಿ ಮಾರ್-ವೆಲ್ ಎಂಬ ಕ್ರೀ ಜನಾಂಗದ ಅನ್ಯಲೋಕದ ಸೈನಿಕನಿಗೆ ಕೊಟ್ಟಿತು. ಸ್ಟ್ಯಾನ್ ಲೀ ಬರೆದರು, ಜೀನ್ ಕೋಲನ್ ಚಿತ್ರಿಸಿದರು.

ವ್ಯಾಪಾರಮುದ್ರೆ ಉಳಿಯಬೇಕಾದರೆ ಆ ಹೆಸರಿನಲ್ಲಿ ಏನಾದರೂ ಪ್ರಕಟವಾಗುತ್ತಿರಬೇಕು. ಮಾರ್-ವೆಲ್ 1982ರಲ್ಲಿ ಕ್ಯಾನ್ಸರ್‌ನಿಂದ ಸತ್ತ. ಅದೇ ವರ್ಷ ‘ಅಮೇಜಿಂಗ್ ಸ್ಪೈಡರ್-ಮ್ಯಾನ್’ 16ನೆಯ ವಾರ್ಷಿಕ ಸಂಚಿಕೆಯಲ್ಲಿ ಮೋನಿಕಾ ರಾಂಬೋ ಎಂಬಾಕೆ ಆ ಬಿರುದು ಹೊತ್ತು ಬಂದಳು. ಕ್ಯಾರಲ್‌ಗೆ ಅದು ದಕ್ಕಿದ್ದು 2012ರಲ್ಲಿ, ಅವಳು ಹುಟ್ಟಿ ನಲವತ್ತನಾಲ್ಕು ವರ್ಷಗಳ ನಂತರ.

ಆದ್ದರಿಂದ ಹುಡುಕುವಾಗ ಶೀರ್ಷಿಕೆಯ ಜೊತೆ ವರ್ಷವನ್ನೂ ಸೇರಿಸಿ. 1968ರಲ್ಲಿ ಆರಂಭವಾದ ‘ಕ್ಯಾಪ್ಟನ್ ಮಾರ್ವೆಲ್’ 1ನೆಯ ಸಂಚಿಕೆ ಮಾರ್-ವೆಲ್‌ನದು, 2012ರದು ಕ್ಯಾರಲ್‌ಳದು. ‘ಕ್ಯಾಪ್ಟನ್ ಮಾರ್ವೆಲ್ ನಂಬರ್ ಒನ್’ ಎಂದಷ್ಟೇ ಬರೆದು ಸಿನಿಮಾದ ಚಿತ್ರ ಅಂಟಿಸಿರುವ ಮಾರಾಟಗಾರನನ್ನು ವರ್ಷ ಕೇಳಿ ತಿಳಿದುಕೊಂಡೇ ಮುಂದುವರಿಯಿರಿ.

ಹಂತ 2: ಅವಳ ಹುಟ್ಟುಗಳನ್ನು ಸಾಲಾಗಿ ನಿಲ್ಲಿಸಿ

ಹುಟ್ಟುಗಳು ಎಂದೆ, ಏಕೆಂದರೆ ಒಂದೇ ಹುಟ್ಟು ಅವಳಿಗೆ ಸಾಲಲಿಲ್ಲ. ಸಂಗ್ರಹದ ಬೆನ್ನೆಲುಬು ಇದೇ ಆದ್ದರಿಂದ ಸ್ವಲ್ಪ ನಿಧಾನವಾಗಿ ಹೋಗೋಣ.

‘ಮಾರ್ವೆಲ್ ಸೂಪರ್-ಹೀರೋಸ್’ 13, ಮಾರ್ಚ್ 1968. ಬರಹ ರಾಯ್ ಥಾಮಸ್, ಚಿತ್ರ ಜೀನ್ ಕೋಲನ್. ಬೆಲೆ 25 ಸೆಂಟ್. ಆಗಿನ ಮಾಮೂಲು ಸಂಚಿಕೆಗಿಂತ ದಪ್ಪ. ಮೊದಲ ಕಥೆಯಷ್ಟೇ ಹೊಸದು, ಉಳಿದವು ಹಳೆಯ ಕಥೆಗಳ ಮರುಮುದ್ರಣ. ಇಲ್ಲಿ ಕ್ಯಾರಲ್‌ಗೆ ಯಾವ ಶಕ್ತಿಯೂ ಇಲ್ಲ. ಅವಳು ಕೇಪ್ ಕೆನಡಿಯ ಕ್ಷಿಪಣಿ ನೆಲೆಯ ಭದ್ರತಾ ಮುಖ್ಯಸ್ಥೆ. ಹೊಸದಾಗಿ ಬಂದ ವಿಜ್ಞಾನಿ ವಾಲ್ಟರ್ ಲಾಸನ್ ಮೇಲೆ ಅವಳಿಗೆ ಅನುಮಾನ. ಆ ಲಾಸನ್ ವೇಷದಲ್ಲಿರುವವನೇ ಮಾರ್-ವೆಲ್. 1968ರ ಸಾಹಸ ಕಾಮಿಕ್ಸ್‌ನಲ್ಲಿ ಹೆಂಗಸರಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಕಾರ್ಯದರ್ಶಿ, ದಾದಿ, ಪ್ರೇಯಸಿಯ ಪಾತ್ರಗಳು. ಅಂಥ ಹೊತ್ತಿನಲ್ಲಿ ಸೇನೆಯ ನೆಲೆಯೊಂದರ ಭದ್ರತೆಯ ಹೊಣೆ ಹೊತ್ತ ಹೆಣ್ಣು ಎಂದರೆ ಸಣ್ಣ ಮಾತಲ್ಲ. ಹಾಗೆಂದು ಮುಂದಿನ ಸಂಚಿಕೆಗಳಲ್ಲಿ ಅವಳಿಗೆ ಸಿಕ್ಕ ಕೆಲಸ ಮಾತ್ರ ಅಪಾಯಕ್ಕೆ ಸಿಲುಕುವುದು, ರಕ್ಷಿಸಲ್ಪಡುವುದು.

‘ಕ್ಯಾಪ್ಟನ್ ಮಾರ್ವೆಲ್’ 18, ನವೆಂಬರ್ 1969. ಸೈಕಿ-ಮ್ಯಾಗ್ನಿಟ್ರಾನ್ ಎಂಬ ಕ್ರೀ ಯಂತ್ರ ಸಿಡಿಯುತ್ತದೆ, ಮಾರ್-ವೆಲ್ ತನ್ನ ಮೈಯನ್ನೇ ಅಡ್ಡ ಹಿಡಿದು ಕ್ಯಾರಲ್‌ಳನ್ನು ಕಾಪಾಡುತ್ತಾನೆ. ಆ ಸಂಚಿಕೆಯಲ್ಲಿ ಕಥೆ ಅಷ್ಟಕ್ಕೇ ಮುಗಿಯಿತು. ಸ್ಫೋಟದಿಂದ ಅವಳಿಗೆ ಏನಾದರೂ ಆಗಿದೆಯೆಂದು ಅಲ್ಲಿ ಯಾರೂ ಹೇಳುವುದಿಲ್ಲ. ಏಳು ವರ್ಷಗಳ ಮೇಲೆ ಬೇರೆ ಲೇಖಕರು ಹಿಂದಿರುಗಿ ನೋಡಿ, ಅವಳ ಶಕ್ತಿಯ ಬೇರು ಅಲ್ಲಿದೆ ಎಂದು ತೀರ್ಮಾನಿಸಿದರು. ಇಂಥ ಸಂಚಿಕೆಗಳು ನನಗೆ ಬಹಳ ಇಷ್ಟ. ಅಚ್ಚಾದ ದಿನ ಅದಕ್ಕೆ ಯಾವ ಮಹತ್ವವೂ ಇರಲಿಲ್ಲವಾದ್ದರಿಂದ ಜೋಪಾನವಾಗಿ ಎತ್ತಿಡುವ ಕಾರಣವೂ ಯಾರಿಗೂ ಇರಲಿಲ್ಲ.

‘ಮಿಜ್ ಮಾರ್ವೆಲ್’ 1, ಜನವರಿ 1977. ಬರಹ ಜೆರಿ ಕಾನ್ವೇ, ಚಿತ್ರ ಜಾನ್ ಬುಸೆಮಾ, ಶಾಯಿ ಜೋ ಸಿನಾಟ್, ಮುಖಪುಟ ಜಾನ್ ರೊಮಿಟಾ. ಅಮೆರಿಕದ ಮಹಿಳಾ ಚಳವಳಿಯ ಬಿಸಿ ಏರಿದ್ದ ವರ್ಷಗಳವು, ಮದುವೆಯಾಗಿದೆಯೋ ಇಲ್ಲವೋ ಎಂದು ಹೇಳದ ‘ಮಿಜ್’ (Ms.) ಎಂಬ ಸಂಬೋಧನೆ ಜನಬಳಕೆಗೆ ಬಂದದ್ದೂ ಆ ಚಳವಳಿಯಿಂದಲೇ. ಕ್ಯಾರಲ್ ಈಗ ‘ವುಮನ್’ ಎಂಬ ಪತ್ರಿಕೆಯ ಸಂಪಾದಕಿ. ಮಾಲೀಕ ಯಾರೆಂದುಕೊಂಡಿರಿ? ಸ್ಪೈಡರ್-ಮ್ಯಾನ್‌ನ ಮೇಲೆ ಸದಾ ಕಿಡಿಕಾರುವ ಜೆ. ಜೋನಾ ಜೇಮ್ಸನ್. ಅವನಿಗೆ ಬೇಕಿರುವುದು ಪಥ್ಯ, ಉಡುಪು, ಅಡುಗೆಯ ಲೇಖನಗಳು. ಅವಳು ಅದಕ್ಕೆ ಒಪ್ಪುವವಳಲ್ಲ. ಆ ಜಗಳವನ್ನು ಇವತ್ತು ಓದಿದರೂ ಸೊಗಸಾಗಿದೆ. ಸ್ಕಾರ್ಪಿಯನ್ ಜೊತೆಗಿನ ಹೊಡೆದಾಟಕ್ಕಿಂತ ಖಂಡಿತ ಸೊಗಸು. ವಿಪರ್ಯಾಸವೆಂದರೆ, ಹೆಣ್ಣಿನ ಸ್ವಾತಂತ್ರ್ಯದ ಹೆಸರಿನಲ್ಲಿ ಬಂದ ನಾಯಕಿಗೆ ಹೆಸರು, ಶಕ್ತಿ, ಉಡುಪಿನ ಮಾದರಿ ಎಲ್ಲವೂ ಗಂಡು ನಾಯಕನೊಬ್ಬನಿಂದ ಬಂದ ಬಳುವಳಿಯೇ. ಮೂರನೆಯ ಸಂಚಿಕೆಯಿಂದ ಕ್ರಿಸ್ ಕ್ಲೇರ್‌ಮಾಂಟ್ ಬರಹದ ಹೊಣೆ ಹೊತ್ತು ಆ ಬಳುವಳಿಯನ್ನು ಮೆಲ್ಲಗೆ ಕಳಚುತ್ತಾ ಹೋದರು. 20ನೆಯ ಸಂಚಿಕೆಯಲ್ಲಿ ಡೇವ್ ಕಾಕ್ರಮ್ ವಿನ್ಯಾಸದ ಕಪ್ಪು ಉಡುಪು ಬಂತು: ಎದೆಯ ಮೇಲೆ ಮಿಂಚು, ಸೊಂಟಕ್ಕೆ ಕೆಂಪು ಪಟ್ಟಿ. ಬಹುಕಾಲ ಅವಳ ಗುರುತಾಗಿ ಉಳಿದದ್ದು ಅದೇ.

‘ಅನ್‌ಕ್ಯಾನಿ ಎಕ್ಸ್-ಮೆನ್’ 164, ಡಿಸೆಂಬರ್ 1982. ಕ್ಲೇರ್‌ಮಾಂಟ್ ಮತ್ತು ಕಾಕ್ರಮ್. ನಿಜವಾದ ಅರ್ಥದಲ್ಲಿ ಅವಳು ಅಂತರಿಕ್ಷದ ನಾಯಕಿಯಾಗುವುದು ಇಲ್ಲಿ. ಬ್ರೂಡ್ ಎಂಬ ಭಯಂಕರ ಜೀವಿಗಳು ಅವಳ ಮೇಲೆ ಪ್ರಯೋಗ ನಡೆಸುತ್ತವೆ. ಆ ಹಿಂಸೆಯ ಫಲವಾಗಿ ಅವಳು ‘ಬೈನರಿ’ಯಾಗುತ್ತಾಳೆ, ಶ್ವೇತರಂಧ್ರದ ಶಕ್ತಿ ಅವಳ ಮೈಯಲ್ಲಿ ಹರಿಯುತ್ತದೆ, ಮೈ ಕೆಂಪಗೆ ಹೊಳೆಯುತ್ತದೆ, ಕೂದಲು ಜ್ವಾಲೆಯಾಗುತ್ತದೆ. ಆಮೇಲೆ ಭೂಮಿಗೆ ಬೆನ್ನು ಹಾಕಿ ಸ್ಟಾರ್‌ಜ್ಯಾಮರ್ಸ್ ಎಂಬ ಬಾಹ್ಯಾಕಾಶದ ಕಡಲ್ಗಳ್ಳರ ತಂಡ ಸೇರುತ್ತಾಳೆ.

‘ಕ್ಯಾಪ್ಟನ್ ಮಾರ್ವೆಲ್’ 1, 2012. ಬರಹ ಕೆಲ್ಲಿ ಸ್ಯೂ ಡಿಕಾನಿಕ್, ಚಿತ್ರ ಡೆಕ್ಸ್‌ಟರ್ ಸೋಯ್, ಉಡುಪಿನ ವಿನ್ಯಾಸ ಜೇಮೀ ಮೆಕೆಲ್ವಿ. ಈಜುಡುಗೆಯಂಥ ಹಳೆಯ ವೇಷ ಹೋಗಿ ವಾಯುಪಡೆಯ ಪೈಲಟ್ ತೊಡುವಂಥ ಮೈಮುಚ್ಚುವ ಸಮವಸ್ತ್ರ ಬಂತು. ‘ಕ್ಯಾರಲ್ ಕೋರ್’ ಎಂದು ತಮ್ಮನ್ನು ತಾವೇ ಕರೆದುಕೊಂಡ ಅಭಿಮಾನಿಗಳ ದಂಡು ಕಟ್ಟಿಕೊಂಡದ್ದು ಈ ಮಾಲೆಯ ಸುತ್ತಲೇ. ಹೊಸ ಬಿರುದಿನೊಂದಿಗೆ ಅವಳು ಇದಕ್ಕೂ ಸ್ವಲ್ಪ ಮೊದಲು ‘ಅವೆಂಜಿಂಗ್ ಸ್ಪೈಡರ್-ಮ್ಯಾನ್’ 9ರಲ್ಲಿ ಕಾಣಿಸಿಕೊಂಡಿದ್ದಳು. ‘ಮೊದಲ ದರ್ಶನ’ವೇ ಬೇಕೆಂಬ ಹಟದವರು ಅದನ್ನೂ ಹುಡುಕುತ್ತಾರೆ.

2018ರಲ್ಲಿ ಐದು ಸಂಚಿಕೆಗಳ ‘ದಿ ಲೈಫ್ ಆಫ್ ಕ್ಯಾಪ್ಟನ್ ಮಾರ್ವೆಲ್’ ಬಂದು, ಅವಳ ತಾಯಿಯೇ ಕ್ರೀ ಜನಾಂಗದವಳು, ಶಕ್ತಿ ರಕ್ತದಿಂದಲೇ ಬಂದದ್ದು ಎಂದು ಹೇಳಿತು. ಅಂದರೆ ದಶಕಗಳಷ್ಟು ಹಳೆಯದಾದ ಆ ಬಳುವಳಿಯ ಲೆಕ್ಕವನ್ನು ಕೊನೆಗೂ ತಿದ್ದಿತು. ಅಗ್ಗವಾಗಿ ಸಿಗುತ್ತದೆ, ಐದನ್ನೂ ಒಟ್ಟಿಗೆ ಕೊಳ್ಳಿ.

ಹಂತ 3: ಪರರ ಹೆಸರಿನಲ್ಲಿ ಬೆಲೆ ಏರಿದವನ್ನು ಬೇರೆ ಇಡಿ

‘ಮಿಜ್ ಮಾರ್ವೆಲ್’ 18 (ಜೂನ್ 1978) ಎಂದರೆ ಮಿಸ್ಟೀಕ್‌ಳ ಪೂರ್ಣ ದರ್ಶನ. 16 ಮತ್ತು 17ರಲ್ಲಿ ಅವಳ ಸುಳಿವಷ್ಟೇ ಇದೆ. 9ನೆಯ ಸಂಚಿಕೆ ಡೆತ್‌ಬರ್ಡ್ ಎಂಬ ಖಳನಾಯಕಿಯದು. ಮಾಲೆಯ ಉಳಿದ ಹಲವು ಸಂಚಿಕೆಗಳು ಕಡಿಮೆ ಬೆಲೆಗೆ ಸಿಗುವಾಗ 18 ಮಾತ್ರ ಎಕ್ಸ್-ಮೆನ್ ಪ್ರೇಮಿಗಳಿಂದಾಗಿ ಆಕಾಶದಲ್ಲಿದೆ. ಮಾಲೆ 1979ರ ಏಪ್ರಿಲ್‌ನ 23ನೆಯ ಸಂಚಿಕೆಗೆ ನಿಂತುಹೋಯಿತು. ಅಚ್ಚಾಗದೆ ಉಳಿದ ಕಥೆಗಳು 1992ರಲ್ಲಿ, ‘ಮಾರ್ವೆಲ್ ಸೂಪರ್-ಹೀರೋಸ್’ ಎಂಬ ಅದೇ ಹಳೆಯ ಹೆಸರಿನ ಹೊಸ ಮಾಲೆಯ 10 ಮತ್ತು 11ನೆಯ ಸಂಚಿಕೆಗಳಲ್ಲಿ ಬೆಳಕು ಕಂಡವು. ಇವೆರಡೂ ನಿಮ್ಮ ಪೆಟ್ಟಿಗೆಯಲ್ಲಿರಲೇಬೇಕು. ಬಹಳ ಅಂಗಡಿಗಳಲ್ಲಿ ಅಗ್ಗದ ಡಬ್ಬಿಯಲ್ಲಿ ಬಿದ್ದಿರುತ್ತವೆ, ಮಾರುವವನಿಗೇ ಅದರೊಳಗೆ ಏನಿದೆಯೆಂದು ಗೊತ್ತಿರುವುದಿಲ್ಲ.

ಇನ್ನು ‘ಅವೆಂಜರ್ಸ್’ 10ನೆಯ ವಾರ್ಷಿಕ ಸಂಚಿಕೆ, 1981. ರೋಗ್ ಮೊದಲು ಬಂದದ್ದು ಇದರಲ್ಲಿ, ಹಾಗಾಗಿ ಬೆಲೆ ಅವಳದು. ಆದರೆ ಇದನ್ನು ಕೊಂಡು ಹಾಗೇ ಮುಚ್ಚಿಡಬೇಡಿ. ಇದನ್ನು ಓದಬೇಕು, ಅದಕ್ಕೂ ಮೊದಲು ‘ಅವೆಂಜರ್ಸ್’ 200 (ಅಕ್ಟೋಬರ್ 1980) ಓದಬೇಕು. 200ರಲ್ಲಿ ಕ್ಯಾರಲ್ ಇದ್ದಕ್ಕಿದ್ದಂತೆ ಗರ್ಭಿಣಿಯಾಗುತ್ತಾಳೆ, ಹುಟ್ಟಿದ ಮಗು ಒಂದೇ ದಿನದಲ್ಲಿ ಮಾರ್ಕಸ್ ಎಂಬ ಗಂಡಸಾಗಿ ಬೆಳೆಯುತ್ತದೆ. ಅವನೇ ತನ್ನ ಯಂತ್ರಗಳ ನೆರವಿನಿಂದ ಅವಳ ಮನಸ್ಸನ್ನು ತನ್ನತ್ತ ತಿರುಗಿಸಿ ಇದಕ್ಕೆಲ್ಲ ಕಾರಣನಾದವನು. ಕೊನೆಗೆ ಅವಳು ಅವನ ಜೊತೆ ಹೊರಟು ನಿಲ್ಲುತ್ತಾಳೆ, ಅವೆಂಜರ್ಸ್ ತಂಡದ ಗೆಳೆಯರೆಲ್ಲ ಶುಭ ಕೋರಿ ಕಳಿಸಿಕೊಡುತ್ತಾರೆ! ಕ್ಯಾರಲ್ ಸ್ಟ್ರಿಕ್‌ಲ್ಯಾಂಡ್ ಎಂಬ ಓದುಗಿ ಇದು ಅತ್ಯಾಚಾರವಲ್ಲದೆ ಮತ್ತೇನು ಎಂದು ನೇರವಾಗಿ ಬರೆದರು. ಮರುವರ್ಷ ಕ್ಲೇರ್‌ಮಾಂಟ್, ಮೈಕೆಲ್ ಗೋಲ್ಡನ್ ಚಿತ್ರಗಳೊಂದಿಗೆ ಈ ವಾರ್ಷಿಕ ಸಂಚಿಕೆಯಲ್ಲಿ ಕ್ಯಾರಲ್ ಡ್ಯಾನ್ವರ್ಸ್‌ಗೆ ಬಾಯಿ ಕೊಟ್ಟರು. ಶಕ್ತಿಯನ್ನೂ ನೆನಪುಗಳನ್ನೂ ರೋಗ್ ಕಸಿದುಕೊಂಡ ಮೇಲೆ, ಸ್ಯಾನ್ ಫ್ರಾನ್ಸಿಸ್ಕೊದ ಸೇತುವೆಯಿಂದ ಎಸೆಯಲ್ಪಟ್ಟು ಬದುಕುಳಿದ ಕ್ಯಾರಲ್, ಕೊನೆಯ ಪುಟಗಳಲ್ಲಿ ಅವೆಂಜರ್ಸ್ ಎದುರು ನಿಂತು ಅವರನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ. ನನಗೆ ಅಪಾಯವಿದ್ದಾಗ ನೀವು ಏನು ಮಾಡಿದಿರಿ ಎಂಬ ಆ ಮಾತುಗಳ ಮುಂದೆ ಹಿಂದಿನ ಹೊಡೆದಾಟಗಳೆಲ್ಲ ಸಪ್ಪೆ. ಒಂದು ಕಂಪನಿ ತಾನೇ ಅಚ್ಚು ಮಾಡಿದ ಕಥೆಯನ್ನು ಮುಂದಿನ ವರ್ಷವೇ ಕಟಕಟೆಗೆ ನಿಲ್ಲಿಸಿದ್ದು ಅಪರೂಪ.

200ನೆಯ ಸಂಚಿಕೆ ಧಾರಾಳವಾಗಿ ಅಚ್ಚಾಗಿದೆ, ಸುಲಭ ಬೆಲೆಗೆ ಸಿಗುತ್ತದೆ. ಜೋಡಿಯಾಗಿ ಇಟ್ಟುಕೊಳ್ಳಿ.

2013ರ ‘ಕ್ಯಾಪ್ಟನ್ ಮಾರ್ವೆಲ್’ 14ರಲ್ಲಿ ಕಮಲಾ ಖಾನ್ ಗುಂಪಿನ ನಡುವೆ ಕ್ಷಣಮಾತ್ರ ಕಾಣಿಸುತ್ತಾಳೆ, 17ರ ಕೊನೆಯಲ್ಲಿ ಸ್ಪಷ್ಟವಾಗಿ. 17ರ ಎರಡನೆಯ ಮುದ್ರಣದ ಮುಖಪುಟದಲ್ಲಿ ಕಮಲಾಳೇ ಇರುವುದರಿಂದ ಅದು ಮೊದಲ ಮುದ್ರಣಕ್ಕಿಂತ ದುಬಾರಿ. ಎರಡನೆಯ ಮುದ್ರಣ ಯಾವಾಗಲೂ ಕಡಿಮೆ ಬೆಲೆಯದು ಎಂಬ ನಿಯಮಕ್ಕೆ ಇದು ಅಪವಾದ. ಕಮಲಾಳ ಮೇಲೆ ವಿಶೇಷ ಪ್ರೀತಿ ಇಲ್ಲದಿದ್ದರೆ ಮೊದಲ ಮುದ್ರಣ ಕೊಂಡು ಉಳಿದ ಹಣವನ್ನು ‘ಅನ್‌ಕ್ಯಾನಿ ಎಕ್ಸ್-ಮೆನ್’ 164ಕ್ಕೆ ಹಾಕಿ.

ಹಂತ 4: ಕೈಯಲ್ಲಿರುವುದು ಯಾವ ಮುದ್ರಣ?

ಮೊದಲು ತಾರೀಖಿನ ವಿಷಯ. ಮುಖಪುಟದ ತಿಂಗಳು ಅಂಗಡಿಗೆ ಬಂದ ತಿಂಗಳಲ್ಲ. ಹೆಚ್ಚು ದಿನ ಮಾರಾಟಕ್ಕಿಡಲಿ ಎಂದು ಪ್ರಕಾಶಕರು ಎರಡು ಮೂರು ತಿಂಗಳು ಮುಂದಿನ ತಾರೀಖು ಹಾಕುತ್ತಿದ್ದರು. ಜನವರಿ 1977ರ ‘ಮಿಜ್ ಮಾರ್ವೆಲ್’ 1 ಅಂಗಡಿಗೆ ಬಂದದ್ದು 1976ರಲ್ಲಿಯೇ.

ಬೆಲೆಯ ವಿಷಯದಲ್ಲಿ ಒಂದು ಬಲೆ ಇದೆ, ಗಮನವಿಟ್ಟು ಓದಿ. 1977ರ ಜೂನ್‌ನಿಂದ ಅಕ್ಟೋಬರ್ ತಾರೀಖಿನವರೆಗಿನ ಸಂಚಿಕೆಗಳನ್ನು ಮಾರ್ವೆಲ್ ಎಲ್ಲೆಡೆ 30 ಸೆಂಟ್‌ಗೆ ಮಾರುತ್ತಾ, ಆಯ್ದ ಕೆಲವು ಕಡೆ ಮಾತ್ರ ಪರೀಕ್ಷೆಗೆಂದು 35 ಸೆಂಟ್ ಮುದ್ರಿಸಿ ಹಂಚಿತು. ನಮ್ಮ ಮಾಲೆಯಲ್ಲಿ ಅದು 6ರಿಂದ 10ರವರೆಗಿನ ಸಂಚಿಕೆಗಳಿಗೆ ಅನ್ವಯ. ಆ 35 ಸೆಂಟ್ ಪ್ರತಿಗಳು ವಿರಳ, ಬೆಲೆ ಹಲವು ಪಟ್ಟು. ಮುಂದೆ 11ನೆಯ ಸಂಚಿಕೆಯಿಂದ ಎಲ್ಲ ಪ್ರತಿಗಳ ಬೆಲೆಯೂ 35 ಸೆಂಟ್ ಆಯಿತು. 12ನೆಯ ಸಂಚಿಕೆಯನ್ನು ‘ಅಪರೂಪದ 35 ಸೆಂಟ್ ಪ್ರತಿ’ ಎಂದು ಯಾರಾದರೂ ತೋರಿಸಿದರೆ ಮುಗುಳ್ನಕ್ಕು ಮುಂದೆ ನಡೆಯಿರಿ. 6ರಿಂದ 10ರಲ್ಲೂ ಬೆಲೆಯ ಅಂಕಿಯನ್ನು ತಿದ್ದಿರುವ ಸಾಧ್ಯತೆ ಇರುವುದರಿಂದ ಭೂತಗನ್ನಡಿ ಹಿಡಿದು ನೋಡಿ. ಅಚ್ಚಿನ ಶಾಯಿ ಚುಕ್ಕೆಚುಕ್ಕೆಯಾಗಿ, ಸುತ್ತಲಿನ ಬಣ್ಣದೊಂದಿಗೆ ಬೆರೆತಂತೆ ಇರುತ್ತದೆ. ಪೆನ್ನಿನ ಶಾಯಿ ಅದರ ಮೇಲೆ ಕೂತಂತೆ ಹೊಳೆಯುತ್ತದೆ.

ಸೆಂಟ್ ಬದಲು ಪೆನ್ಸ್ ಇದ್ದರೆ ಅದು ಬ್ರಿಟನ್ನಿಗೆ ಹೋದ ಪ್ರತಿ. ಮರುಮುದ್ರಣವಲ್ಲ; ಅದೇ ಮುದ್ರಣಾಲಯ, ಅದೇ ಸಮಯ, ಬೆಲೆಯ ಅಚ್ಚು ಮಾತ್ರ ಬೇರೆ. ಅಮೆರಿಕದ ಸಂಗ್ರಹಕಾರರು ಇದಕ್ಕೆ ಮೂಗು ಮುರಿಯುವುದರಿಂದ ಹಲವು ಸಲ ಅಗ್ಗಕ್ಕೆ ಸಿಗುತ್ತದೆ, ನಮಗೆ ಅದು ಅನುಕೂಲವೇ.

1980ರ ದಶಕದ ಸಂಚಿಕೆಗಳಲ್ಲಿ ಮುಖಪುಟದ ಕೆಳಮೂಲೆ ನೋಡಿ. ಬಾರ್‌ಕೋಡ್ ಇದ್ದರೆ ಪತ್ರಿಕೆ ಮಾರುವ ಅಂಗಡಿಗಳಿಗೆ ಹೋದದ್ದು, ಅದರ ಜಾಗದಲ್ಲಿ ಚಿತ್ರವಿದ್ದರೆ ಕಾಮಿಕ್ಸ್ ಅಂಗಡಿಗೆ ನೇರವಾಗಿ ಹೋದದ್ದು. ಪತ್ರಿಕೆ ಅಂಗಡಿಯಲ್ಲಿ ತಿರುಗುವ ತಂತಿ ಸ್ಟ್ಯಾಂಡಿಗೆ ತುರುಕಿ ಇಡುತ್ತಿದ್ದರಿಂದ ಅಂಥ ಪ್ರತಿಗಳು ನಲುಗದೆ ಉಳಿಯುವುದು ಕಷ್ಟ. ಕಥೆ ಓದುವವರಿಗೆ ಎರಡೂ ಒಂದೇ.

ಸಿನಿಮಾ ಬಂದ ಸಮಯದಲ್ಲಿ ‘ಟ್ರೂ ಬಿಲೀವರ್ಸ್’ ಎಂಬ ಒಂದು ಡಾಲರ್‌ನ ಮರುಮುದ್ರಣ ಮಾಲೆಯಲ್ಲಿ ಇವಳ ಹಳೆಯ ಸಂಚಿಕೆಗಳೂ ಬಂದವು. ಮುಖಪುಟದಲ್ಲಿ ಮಾಲೆಯ ಹೆಸರು ಎದ್ದು ಕಾಣುವುದರಿಂದ ಮೋಸಹೋಗುವ ಭಯ ಕಡಿಮೆ. ಓದಲು ಇವೇ ಉತ್ತಮ. ಆದರೆ ಮೂಲದ ಜಾಹೀರಾತುಗಳು, ಓದುಗರ ಪತ್ರಗಳ ಪುಟ ಬೇಕೆಂದರೆ ಮೂಲಪ್ರತಿಯೇ ಗತಿ. ‘ಮಿಜ್ ಮಾರ್ವೆಲ್’ನ ಪತ್ರಗಳ ಪುಟದಲ್ಲಿ ಹೆಸರು, ಉಡುಪು, ಸ್ತ್ರೀವಾದ ಎಲ್ಲದರ ಬಗ್ಗೆಯೂ ಓದುಗರು ಕಿತ್ತಾಡಿದ್ದಾರೆ, ಅದನ್ನು ಓದುವ ಸುಖವೇ ಬೇರೆ.

ಹಂತ 5: ಪ್ರತಿಯನ್ನು ಪರೀಕ್ಷಿಸುವ ಬಗೆ

ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಪ್ರತಿಯನ್ನು ಚೀಲದಿಂದ ತೆಗೆಯುವಾಗ, ಚೀಲದ ಮುಚ್ಚಳದ ಅಂಟುಪಟ್ಟಿಯನ್ನು ಪೂರ್ತಿ ಬಿಚ್ಚಿ ದೂರ ಅಂಟಿಸಿ. ಅರೆಬಿಚ್ಚಿದ ಪಟ್ಟಿ ಮುಖಪುಟಕ್ಕೆ ತಾಗಿ ಬಣ್ಣ ಕಿತ್ತುಕೊಂಡು ಬರುವುದು ಬಹಳ ಸಾಮಾನ್ಯ ಅನಾಹುತ.

ಮೊದಲು ಬೆನ್ನು ನೋಡಿ, ಅಂದರೆ ಮಡಿಕೆಯ ಅಂಚು. ದೀಪವನ್ನು ನೆತ್ತಿಯ ಮೇಲಿಡದೆ ಪಕ್ಕಕ್ಕಿಟ್ಟು ಪ್ರತಿಯನ್ನು ಓರೆಯಾಗಿ ಹಿಡಿದರೆ, ನೇರ ಬೆಳಕಿನಲ್ಲಿ ಕಾಣದ ಸಣ್ಣಸಣ್ಣ ಅಡ್ಡಗೆರೆಗಳು ಮೇಲೇಳುತ್ತವೆ. ಬಣ್ಣ ಒಡೆಯದ ಗೆರೆ ಕ್ಷಮ್ಯ, ಬಿಳಿ ಕಾಣುವ ಗೆರೆ ಬೆಲೆ ಇಳಿಸುತ್ತದೆ. ಕಪ್ಪು ಅಥವಾ ಕಡು ಬಣ್ಣದ ಮುಖಪುಟಗಳಲ್ಲಿ ಇದು ಎದ್ದು ಕಾಣುವುದರಿಂದ ಕೆಲವರು ಅದರ ಮೇಲೆ ಮಾರ್ಕರ್ ಪೆನ್ನು ಓಡಿಸುತ್ತಾರೆ. ಅಲ್ಲಿ ಶಾಯಿ ಕಾಗದದೊಳಗೆ ಹೀರಿಕೊಂಡು ಮುಖಪುಟದ ಒಳಬದಿಯಲ್ಲಿ ನೆರಳಾಗಿ ಕಾಣುತ್ತದೆ. ಆದ್ದರಿಂದ ಒಳಬದಿಯನ್ನು ನೋಡದೆ ಯಾವ ಪ್ರತಿಯನ್ನೂ ಕೊಳ್ಳಬೇಡಿ.

ಆಮೇಲೆ ಪಿನ್ನುಗಳು. ತುಕ್ಕು ಹಿಡಿದಿದೆಯೇ, ನಡುವಿನ ಹಾಳೆ ಪಿನ್ನಿನಿಂದ ಕಳಚಿದೆಯೇ? 1960ರ ದಶಕದ ಮಾರ್ವೆಲ್ ಪ್ರತಿಗಳಲ್ಲಿ ಬಲ ಅಂಚು ಹಲ್ಲುಹಲ್ಲಾಗಿ ಕಿತ್ತಿರುವುದುಂಟು. ಮುದ್ರಣಾಲಯದ ಕತ್ತಿ ಮೊಂಡಾಗಿದ್ದರ ಫಲ ಅದು, ಓದುಗರ ತಪ್ಪಲ್ಲ. ‘ಮಾರ್ವೆಲ್ ಸೂಪರ್-ಹೀರೋಸ್’ 13ರಲ್ಲಿ ಬಲ ಅಂಚು ಅತಿಯಾಗಿ ನೇರವಾಗಿ, ಹೊಸದಾಗಿ ಕತ್ತರಿಸಿದಂತೆ ಇದ್ದರೆ ಅದೇ ಅನುಮಾನಕ್ಕೆ ಕಾರಣ. ಹಾಳಾದ ಅಂಚನ್ನು ಯಾರಾದರೂ ಕತ್ತರಿಸಿರಬಹುದು. ಅದೇ ಕಾಲದ ಇನ್ನೊಂದು ಪ್ರತಿಯ ಪಕ್ಕಕ್ಕಿಟ್ಟು ಅಳೆಯಿರಿ.

ಪುಟಗಳನ್ನು ಎಣಿಸಿ. ಹಳೆಯ ಹುಡುಗರು ಜಾಹೀರಾತಿನ ಕೂಪನ್ ಕತ್ತರಿಸಿ ಕಳಿಸುತ್ತಿದ್ದರು. ಕೂಪನ್ನಿನ ಹಿಂಬದಿಯಲ್ಲಿ ಕಥೆಯ ಚೌಕವಿದ್ದರೆ ಅದೂ ಹೋಯಿತು. ಕಾಗದದ ಬಣ್ಣ ನೋಡಿ. ಪತ್ರಿಕಾ ಕಾಗದದಲ್ಲಿ ಮರದ ಲಿಗ್ನಿನ್ ಇರುವುದರಿಂದ ಬಿಸಿಲು ಗಾಳಿಗೆ ಅದು ಹಳದಿಯಾಗಿ, ಕಂದಾಗಿ, ಕೊನೆಗೆ ಮುಟ್ಟಿದರೆ ಪುಡಿಯಾಗುತ್ತದೆ. ಕೆನೆಬಣ್ಣದವರೆಗೆ ಸರಿ. ಕಂದುಬಣ್ಣ ಬಂದು, ಮೂಲೆ ಮಡಿಸಿದರೆ ಮುರಿಯುವಂತಿದ್ದರೆ ಬಿಡಿ. ಕೊನೆಯದಾಗಿ ಮೂಸಿ ನೋಡಿ. ಬೂಷ್ಟಿನ ವಾಸನೆಯ ಒಂದು ಪ್ರತಿ ನಿಮ್ಮ ಪೆಟ್ಟಿಗೆಯ ಉಳಿದವನ್ನೂ ಕೆಡಿಸಬಲ್ಲದು.

ಹಂತ 6: ಪೆಟ್ಟಿಗೆಯಲ್ಲಿ ಮೊಹರಾದದ್ದೋ, ಬಿಡಿ ಪ್ರತಿಯೋ?

ಅಮೆರಿಕದ ಸಿಜಿಸಿ ಸಂಸ್ಥೆ 2000ದಿಂದ ಕಾಮಿಕ್ಸ್‌ಗಳಿಗೆ 0.5ರಿಂದ 10ರವರೆಗೆ ದರ್ಜೆ ಕೊಟ್ಟು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮೊಹರು ಮಾಡುತ್ತದೆ. ಸಿಬಿಸಿಎಸ್ ಇನ್ನೊಂದು ಸಂಸ್ಥೆ. ಪೆಟ್ಟಿಗೆಯ ಮೇಲಿನ ಸಿಜಿಸಿ ಲೇಬಲ್ ಪಟ್ಟಿಯ ಬಣ್ಣ ನೆನಪಿಡಿ: ನೀಲಿ ಎಂದರೆ ಮಾಮೂಲು, ಹಳದಿ ಎಂದರೆ ಸಾಕ್ಷಿಯ ಎದುರು ಹಾಕಿದ ಸಹಿ, ಹಸಿರು ಎಂದರೆ ಹೇಳಲೇಬೇಕಾದ ಒಂದು ಕೊರತೆ, ನೇರಳೆ ಎಂದರೆ ರಿಪೇರಿ. ಪಟ್ಟಿಯ ಮೇಲಿನ ಸಂಖ್ಯೆಯನ್ನು ಸಂಸ್ಥೆಯ ಜಾಲತಾಣದಲ್ಲಿ ಹಾಕಿ, ಚಿತ್ರವಿದ್ದರೆ ನಿಮ್ಮೆದುರಿನ ಪ್ರತಿಯೊಂದಿಗೆ ಮೂಲೆಮೂಲೆ ಹೋಲಿಸಿ. ಪೆಟ್ಟಿಗೆ ಬಿಚ್ಚಿ ಒಳಗಿನ ಪ್ರತಿಯನ್ನೇ ಬದಲಿಸುವ ಕೈಚಳಕವೂ ನಡೆದದ್ದುಂಟು.

ನನ್ನ ಅಭಿಪ್ರಾಯ ಹೀಗಿದೆ: ‘ಮಾರ್ವೆಲ್ ಸೂಪರ್-ಹೀರೋಸ್’ 13, ‘ಮಿಜ್ ಮಾರ್ವೆಲ್’ 18, ‘ಅವೆಂಜರ್ಸ್’ ವಾರ್ಷಿಕ 10, ಈ ಮೂರನ್ನು ಕಣ್ಣಾರೆ ನೋಡದೆ ಕೊಳ್ಳುವುದಾದರೆ ಮೊಹರಾದದ್ದೇ ಇರಲಿ. ಉಳಿದೆಲ್ಲಕ್ಕೂ ಬಿಡಿ ಪ್ರತಿ ಸಾಕು. ಓದಲಾಗದ ‘ಮಿಜ್ ಮಾರ್ವೆಲ್’ 3 ಇಟ್ಟುಕೊಂಡು ಏನು ಮಾಡುವುದು?

ಹಂತ 7: ಬೆಲೆ ಕಟ್ಟುವುದು, ತರಿಸಿಕೊಳ್ಳುವುದು

ಮಾರಾಟಗಾರ ಕೇಳುವ ಬೆಲೆ ಅವನ ಆಸೆ. ಹರಾಜು ತಾಣಗಳಲ್ಲಿ ‘ಮಾರಾಟವಾದವು’ ಎಂಬ ಪಟ್ಟಿಯನ್ನು ತೆರೆದು, ಅದೇ ದರ್ಜೆಯ ಇತ್ತೀಚಿನ ಹಲವು ಮಾರಾಟಗಳನ್ನು ನೋಡಿ, ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬದಿಗಿಟ್ಟು ಉಳಿದದ್ದರಿಂದ ಅಂದಾಜು ಮಾಡಿ. ಸಿನಿಮಾದ ಘೋಷಣೆಯಾದ ಕೂಡಲೇ ಬೆಲೆ ಏರುತ್ತದೆ, ಸಿನಿಮಾ ತೆರೆಕಂಡ ಮೇಲೆ ಇಳಿಯುತ್ತದೆ. ಹಾಗಾಗಿ ಜನರು ಅವಳನ್ನು ಮರೆತಿರುವಾಗ ಕೊಳ್ಳಿ.

ಭಾರತಕ್ಕೆ ತರಿಸುವಾಗ ಬೆಲೆಯ ಮೇಲೆ ಸಾಗಣೆ, ಸುಂಕ, ಕೊರಿಯರ್‌ನವರ ನಿರ್ವಹಣಾ ಶುಲ್ಕ ಎಲ್ಲವೂ ಸೇರುತ್ತದೆ. ಒಂದೊಂದೇ ತರಿಸಿದರೆ ಸಾಗಣೆಯೇ ಪುಸ್ತಕದ ಬೆಲೆಯನ್ನು ನುಂಗುತ್ತದೆ. ಒಬ್ಬನೇ ಮಾರಾಟಗಾರನ ಬಳಿ ಹತ್ತಾರು ಸಂಚಿಕೆ ಕೂಡಿಸಿ ಒಂದೇ ಕಟ್ಟಾಗಿ ತರಿಸಿ, ಇಲ್ಲವೇ ಅಮೆರಿಕದಿಂದ ರಜೆಗೆ ಬರುವ ನೆಂಟರ ವಿಳಾಸಕ್ಕೆ ಕಳಿಸಿ. ಹಾಗೆ ತರುವವರಿಗೆ ಎರಡು ಗಟ್ಟಿ ರಟ್ಟಿನ ನಡುವೆ ಇಟ್ಟು ಕೈಚೀಲದಲ್ಲಿ ತರಲು ಹೇಳಿ. ಸೂಟ್‌ಕೇಸಿನಲ್ಲಿ ಚಾಕೊಲೇಟ್, ಶಾಂಪೂ ಬಾಟಲಿಗಳ ನಡುವೆ ಪಯಣಿಸಿದ ಕಾಮಿಕ್ಸ್ ಅದೇ ದರ್ಜೆಯಲ್ಲಿ ಮನೆ ತಲುಪುವುದಿಲ್ಲ.

ಹಂತ 8: ನಮ್ಮ ಹವೆಯಲ್ಲಿ ಇಡುವುದು

ಪಿವಿಸಿ ಚೀಲ ಬೇಡ, ಅದು ಕಾಲಕ್ರಮೇಣ ಬೆವರಿ ಮುಖಪುಟಕ್ಕೆ ಅಂಟಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಚೀಲ ಅಗ್ಗ, ಆದರೆ ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕು. ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಚೀಲ ದುಬಾರಿ, ಆದರೆ ದೀರ್ಘಕಾಲಕ್ಕೆ ಅದೇ ಸರಿ. ಹಿಂದೆ ಆಮ್ಲರಹಿತ ರಟ್ಟು. 1968ರ ಪ್ರತಿಗಳು ಇಂದಿನವಕ್ಕಿಂತ ಅಗಲವಾದ್ದರಿಂದ ‘ಸಿಲ್ವರ್ ಏಜ್’ (ಸುಮಾರು 1960ರ ದಶಕದ ಕಾಮಿಕ್ಸ್ ಕಾಲ) ಅಳತೆಯ ಚೀಲವನ್ನೇ ಕೇಳಿ.

ಬೆಂಗಳೂರು, ಮೈಸೂರಿನವರಿಗೆ ಅಷ್ಟು ತಲೆನೋವಿಲ್ಲ. ಮಂಗಳೂರು, ಉಡುಪಿ, ಕಾರವಾರ, ಮಲೆನಾಡಿನವರಿಗೆ ಮಳೆಗಾಲವೇ ಶತ್ರು. ಪೆಟ್ಟಿಗೆಯನ್ನು ನೆಲದ ಮೇಲೆ, ಹೊರಗೋಡೆಗೆ ತಾಗಿಸಿ ಇಡಬೇಡಿ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ, ಜೊತೆಗೊಂದು ಅಗ್ಗದ ಆರ್ದ್ರತಾ ಮಾಪಕ ಇಡಿ; ತೇವಾಂಶ 50 ಪ್ರತಿಶತದ ಆಸುಪಾಸಿನಲ್ಲಿದ್ದರೆ ನೆಮ್ಮದಿ. ಜೆಲ್‌ನ ಬಣ್ಣ ಬದಲಾದಾಗ ಬಿಸಿಮಾಡಿ ಒಣಗಿಸಿ. ಬಟ್ಟೆಯ ಕಪಾಟಿನಲ್ಲಿ ಹಾಕುವ ನುಸಿಗುಳಿಗೆಯನ್ನು ಇಲ್ಲಿ ಹಾಕಲೇಬೇಡಿ, ಆ ವಾಸನೆ ಕಾಗದ ಬಿಟ್ಟು ಹೋಗುವುದಿಲ್ಲ. ಪ್ರತಿಗಳನ್ನು ಮಲಗಿಸದೆ ನಿಲ್ಲಿಸಿ, ಒರಗಿ ಬಾಗದಷ್ಟು ಒತ್ತಾಗಿ, ಎಳೆದರೆ ಸಲೀಸಾಗಿ ಬರುವಷ್ಟು ಸಡಿಲವಾಗಿ.

ಹಂತ 9: ಕೊಳ್ಳುವ ಅನುಕ್ರಮ

ಮೊದಲ ಹಣ ‘ಮಿಜ್ ಮಾರ್ವೆಲ್’ ಮಾಲೆಗೆ ಹೋಗಲಿ: 1ನೆಯದು, 20ನೆಯದು, ಆಮೇಲೆ 18 ಬಿಟ್ಟು ಉಳಿದವೆಲ್ಲ, ಮಧ್ಯಮ ದರ್ಜೆಯಲ್ಲಿ. ಎರಡನೆಯದು ‘ಅವೆಂಜರ್ಸ್’ 200 ಮತ್ತು 10ನೆಯ ವಾರ್ಷಿಕದ ಜೋಡಿ. ಮೂರನೆಯದು ‘ಅನ್‌ಕ್ಯಾನಿ ಎಕ್ಸ್-ಮೆನ್’ 164, ಜೊತೆಗೆ ಬ್ರೂಡ್ ಕಥೆ ಮೊಳಕೆಯೊಡೆಯುವ 155ರಿಂದ ನಡುವಿನ ಸಂಚಿಕೆಗಳು. 2012ರ ಮಾಲೆಯ ಮೊದಲ ಕೆಲವು ಸಂಚಿಕೆಗಳನ್ನು ಇವುಗಳ ನಡುವೆ ಎಲ್ಲಿ ಬೇಕಾದರೂ ಸೇರಿಸಿಕೊಳ್ಳಬಹುದು. ‘ಕ್ಯಾಪ್ಟನ್ ಮಾರ್ವೆಲ್’ 18 ಮತ್ತು ‘ಮಾರ್ವೆಲ್ ಸೂಪರ್-ಹೀರೋಸ್’ 13ನ್ನು ಕೊನೆಗೆ ಉಳಿಸಿಕೊಳ್ಳಿ. ಅಷ್ಟರಲ್ಲಿ ಬೆನ್ನು, ಪಿನ್ನು, ಅಂಚು ನೋಡುವ ಕಣ್ಣು ಪಳಗಿರುತ್ತದೆ. 13ರ ವಿಷಯದಲ್ಲಿ ದರ್ಜೆಯ ಹಟ ಬೇಡ. ಪುಟಗಳೆಲ್ಲ ಇದ್ದು, ಮುಖಪುಟ ಗಟ್ಟಿಯಾಗಿ ಕೂತಿದ್ದು, ಯಾರೂ ಕತ್ತರಿ ಬಣ್ಣ ಆಡಿಸದ 3.0 ಅಥವಾ 4.0ರ ಪ್ರತಿ ಸಿಕ್ಕರೆ ಚೌಕಾಸಿ ಮಾಡಿ ಎತ್ತಿಕೊಳ್ಳಿ.